ಸೈರನ್ನಿನ ಷಡ್ಜ

ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಕ್ವಾರ್ಟರ್ಸಿನ ಆ ಸಾಲಿನಲ್ಲಿ ಬಾಗಿಲಿಗೆ ಖಾಕಿ ಅಂಗಿ ತೂಗಿದೆ ಎಂದರೆ ಒಳಗೆ ರಾತ್ರಿ ಪಾಳಿ ಮುಗಿಸಿ ಬಂದ ಗಂಡಸು ಮಲಗಿದ್ದಾನೆ ಎಂದರ್ಥ. ಈ ಪದ್ಧತಿಯನ್ನು ಯಾರು ಶುರು ಮಾಡಿದರೋ, ಪಾಲಿಸುತ್ತಿದ್ದವರು ಮಾತ್ರ ಎಲ್ಲರೂ. ಅಂಗಿ ಕಂಡರೆ ಸೊಪ್ಪಿನವಳು ಕೂಗುತ್ತಿರಲಿಲ್ಲ, ಮಕ್ಕಳು ಗೋಲಿಯಾಟವನ್ನು ಬೇರೆ ಸಾಲಿಗೆ ಒಯ್ಯುತ್ತಿದ್ದರು, ಕುಕ್ಕರು ಸೀಟಿ ಹೊಡೆಯುವ ಮೊದಲೇ ಹೆಂಗಸರು ಓಡಿಹೋಗಿ ಒಲೆ ಸಣ್ಣ ಮಾಡುತ್ತಿದ್ದರು. ಮೂರು ಪಾಳಿಯ ಕಾರ್ಖಾನೆ, ಒಂದಲ್ಲ ಒಂದು ಬಾಗಿಲಲ್ಲಿ ಅಂಗಿ ಇದ್ದೇ ಇರುತ್ತಿತ್ತು. ಅಂಥ ಕಡೆಗೆ ಸಂಗೀತ ಕಲಿತ ಹುಡುಗಿ ಮದುವೆಯಾಗಿ ಬಂದರೆ ಹಾಡುವುದಾದರೂ ಯಾವಾಗ?

ಬಸವರಾಜೇಶ್ವರಿ, ಎಲ್ಲರ ಬಾಯಲ್ಲಿ ರಾಜೇಶ್ವರಿ, ಅದಕ್ಕೊಂದು ಉಪಾಯ ಕಂಡುಕೊಂಡಿದ್ದಳು. ಬಾಯಿ ಮುಚ್ಚಿಕೊಂಡು ಹಾಡುತ್ತಿದ್ದಳು. ಶ್ರುತಿಪೆಟ್ಟಿಗೆಯ ಸದ್ದನ್ನು ಸೊಳ್ಳೆ ಗುಂಯ್‌ಗುಡುವಷ್ಟಕ್ಕೆ ಇಳಿಸಿ, ಅಡುಗೆಮನೆಯ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕೂತು, ಮಡಿಸಿದ ಸೆರಗಿನ ಮೇಲೆ ಮೆತ್ತಗೆ ತಾಳ ಹಾಕುತ್ತಾ ಗಂಟಲೊಳಗೇ ಗುನುಗುವುದು. ರಾಗದ ಒಂದೊಂದು ತಿರುವೂ ಅವಳ ತಲೆಯೊಳಗೆ ಸ್ಪಷ್ಟವಾಗಿತ್ತು. ಹೊರಗೆ ಬರುವುದೊಂದೇ ಬಾಕಿ.

ಹೀಗೆ ಗುನುಗಿಯೇ ಅವಳು ವಿದ್ವತ್ ಅಂತಿಮ ಪರೀಕ್ಷೆಯವರೆಗೆ ಬಂದಿದ್ದಳು. ಹೋದ ವರ್ಷ ಶಾಸ್ತ್ರದ ಪತ್ರಿಕೆಗಳಲ್ಲಿ ಒಳ್ಳೆಯ ಅಂಕವೇ ಬಂದಿತ್ತು. ಮೇಳಕರ್ತಗಳ ಲೆಕ್ಕವಾಗಲಿ, ತಾಳಗಳ ಲಕ್ಷಣವಾಗಲಿ, ಕೇಳಿದರೆ ನಿದ್ದೆಗಣ್ಣಲ್ಲೂ ಹೇಳುವವಳು. ಆದರೆ ಪರೀಕ್ಷಕರ ಎದುರು ಕೂತು ಕಾಂಬೋಜಿ ರಾಗ ಹಾಡುವಾಗ, ಮೇಲಿನ 'ಸ', ಅಂದರೆ ತಾರಷಡ್ಜ, ಹತ್ತಿರವಾಗುತ್ತಿದ್ದಂತೆ ಧ್ವನಿ ಕೈಕೊಟ್ಟಿತು. ಸ್ವಲ್ಪ ಜೋರಾಗಿ ಹಾಡಮ್ಮ ಎಂದು ಅವರು ಹೇಳಿದರು. ಜೋರು ಎಂದರೇನೆಂದು ಅವಳ ಗಂಟಲಿಗೆ ಗೊತ್ತೇ ಇರಲಿಲ್ಲ. ನಪಾಸು.

ಪ್ರತಿ ಭಾನುವಾರ ಅವಳು ಬಸ್ಸು ಹತ್ತಿ ಶಿವಮೊಗ್ಗದ ವಿನೋಬನಗರಕ್ಕೆ, ಶಂಕರನಾರಾಯಣ ಮೇಷ್ಟ್ರ ಮನೆಗೆ ಪಾಠಕ್ಕೆ ಹೋಗುತ್ತಿದ್ದಳು. ಮೇಷ್ಟ್ರು ಹೊಗಳಿಕೆಯಲ್ಲಿ ಜಿಪುಣರು, ಬೈಗುಳದಲ್ಲಿ ಧಾರಾಳಿ.

"ನೀನು ಹಾಡ್ತಾ ಇಲ್ಲ ಮಾರಾಯ್ತಿ, ಮಗೂನ ಮಲಗಿಸ್ತಾ ಇದೀಯ" ಎಂದರು ಅವರು. "ಈ ಸಲ ಗಂಟಲು ಬಿಡ್ದೆ ಇದ್ರೆ ನಾನು ಪರೀಕ್ಷೆಗೆ ಕಳಿಸೋದಿಲ್ಲ ನೋಡು. ಇನ್ನೊಂದ್ಸಲ ನಪಾಸಾದ್ರೆ ನೀನು ಸಂಗೀತಾನೇ ಬಿಟ್ಬಿಡ್ತೀಯ. ನಂಗೊತ್ತು."

ಅವಳಿಗೂ ಅದು ಗೊತ್ತಿತ್ತು. ಬಿಟ್ಟುಬಿಡುವುದೆಂದು ಒಳಗೊಳಗೇ ತೀರ್ಮಾನ ಮಾಡಿಕೊಂಡೂ ಆಗಿತ್ತು. ಆ ತೀರ್ಮಾನ ನೆನಪಾದಾಗಲೆಲ್ಲ ಅವಳಿಗೆ ಊಟ ಸೇರುತ್ತಿರಲಿಲ್ಲ.

ಬಾಯಿಬಿಟ್ಟು ಹಾಡಲು ಜಾಗ ಹುಡುಕಿದಳು. ಭದ್ರಾ ಹೊಳೆಯ ದಂಡೆಗೆ ಹೋಗಿ ಒಂದು ಸ್ವರ ಎತ್ತಿದ್ದೇ ತಡ, ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬಳು ಮೈಮೇಲೆ ದೇವರು ಬಂತಾ ಎಂದು ಭಯಭಕ್ತಿಯಿಂದ ಕೇಳಿದಳು. ದೇವಸ್ಥಾನದ ಮಂಟಪದಲ್ಲಿ ಕೂತರೆ ನಾಲ್ಕು ಜನ ಸೇರಿ ದೇವರನಾಮ ಹೇಳು ಅಂದರು. ಅಲ್ಲಿಂದಲೂ ಎದ್ದು ಬಂದಳು.

ಆಮೇಲೆ ಒಂದು ಮಧ್ಯಾಹ್ನ ಹಿತ್ತಿಲಲ್ಲಿ ಬಟ್ಟೆ ತೆಗೆಯುತ್ತಿರುವಾಗ ಪಾಳಿ ಬದಲಾಗುವ ಎರಡು ಗಂಟೆಯ ಸೈರನ್ ಕೂಗಿತು. ಊರಿಗೆ ಊರೇ ಕಿವುಡಾಗುವಂಥ ಕೂಗು. ಏನನ್ನಿಸಿತೋ, ಅವಳೂ ಬಾಯಿ ತೆರೆದು ತಾರಷಡ್ಜ ಹಿಡಿದಳು. ಯಾರಿಗೂ ಕೇಳಲಿಲ್ಲ, ಅವಳಿಗೇ ಸರಿಯಾಗಿ ಕೇಳಲಿಲ್ಲ. ಆದರೆ ಎದೆ ತೆರೆದುಕೊಂಡಿತು. ಬಿಸಿಲಲ್ಲಿ ನಡೆದು ಬಂದು ಒಂದು ತಂಬಿಗೆ ತಣ್ಣೀರು ಕುಡಿದ ಹಾಗಾಯಿತು.

ಅಂದಿನಿಂದ ಅವಳ ಸಾಧನೆ ಸೈರನ್ನಿನ ನೆರಳಿಗೆ ಬಿತ್ತು. ಬೆಳಗಿನ ಸೈರನ್ನಿಗೆ ನೀರು ಹಿಡಿಯುವ ನೆಪ, ಮಧ್ಯಾಹ್ನದ ಸೈರನ್ನಿಗೆ ಬಟ್ಟೆಯ ನೆಪ. ಗೋಡೆಯಾಚೆಯ ಚಿನ್ನಮ್ಮ ಒಂದು ದಿನ ಕೇಳಿಯೇಬಿಟ್ಟಳು. "ಏನ್ ರಾಜೀ, ಸೈರನ್ ಕೂಗ್ದಾಗೆಲ್ಲ ಹಿತ್ಲಲ್ಲಿ ನಿಂತು ಆಕಳಿಸ್ತೀಯ? ಡಾಕ್ಟರಿಗೆ ತೋರ್ಸು."

ಕೆಲವು ವಾರಗಳಾದ ಮೇಲೆ ಮೇಷ್ಟ್ರ ಎದುರು ಕಾಂಬೋಜಿ ಎತ್ತಿಕೊಂಡಳು. ಮೇಲಕ್ಕೇರಿದಳು, ಧ್ವನಿ ಕೈಕೊಡಲಿಲ್ಲ. ಕಣ್ಣು ಮುಚ್ಚಿದ್ದ ಮೇಷ್ಟ್ರು ಕಣ್ಣು ತೆರೆದರು.

"ಧ್ವನಿ ಬಂತು. ಸಂತೋಷ. ಆದ್ರೆ ಈ ಷಡ್ಜ ಎಲ್ಲಿಂದ ತಂದೆ?"

ಶ್ರುತಿಪೆಟ್ಟಿಗೆ ಒಂದು ಹೇಳುತ್ತಿದ್ದರೆ ಅವಳ ಗಂಟಲು ಇನ್ನೊಂದು ಹೇಳುತ್ತಿತ್ತು. ಕೂದಲೆಳೆಯಷ್ಟು ಮೇಲೆ. ಮತ್ತೆ ಮತ್ತೆ ಹಾಡಿಸಿದರು, ಪ್ರತಿಸಲವೂ ಅಲ್ಲಿಗೇ ಹೋಗಿ ನಿಂತಳು.

"ಅಪಸ್ವರ ಹಾಡೋರು ಒಂದೊಂದ್ಸಲ ಒಂದೊಂದು ಕಡೆ ಬೀಳ್ತಾರೆ. ನೀನು ಜಾಗ ಗುರುತಿಟ್ಕೊಂಡು ಬೀಳ್ತಾ ಇದೀಯಲ್ಲ."

ಅವಳು ನಾಚಿಕೊಂಡು ಸೈರನ್ನಿನ ಕಥೆ ಹೇಳಿದಳು. ಕಾರ್ಖಾನೆಯ ಸೈರನ್ನನ್ನು ಗುರುವಾಗಿ ಮಾಡಿಕೊಂಡ ಶಿಷ್ಯೆ ತಮಗೆ ಸಿಕ್ಕಳಲ್ಲ ಎಂದು ಮೇಷ್ಟ್ರು ಶಲ್ಯದಲ್ಲಿ ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ನಗು ನಿಂತ ಮೇಲೆ ಕೇಳಿದರು.

"ನಿಮ್ಮನೆಯವ್ರನ್ನ ಒಂದು ಮಾತು ಕೇಳಿದ್ಯಾ, ನಾನು ಹಾಡ್ಲಾ ಅಂತ?"

"ಕೇಳೋದೇನು ಮೇಷ್ಟ್ರೇ, ಗೊತ್ತಿರೋದೇ ಅಲ್ವಾ? ರಾತ್ರಿಯೆಲ್ಲ ದುಡ್ದು ಬಂದಿರ್ತಾರೆ."

"ಗೊತ್ತಿರೋದನ್ನೇ ಒಂದ್ಸಲ ಕೇಳು" ಎಂದರು ಮೇಷ್ಟ್ರು.

ಮರುದಿನ ಬೆಳಿಗ್ಗೆ ಗಂಡ ಭೀಮೇಶ್ ಪಾಳಿ ಮುಗಿಸಿ ಬಂದ. ಸ್ನಾನ ಮಾಡಿದ, ತಿಂಡಿ ತಿಂದ, ಅಂಗಿ ತೂಗಿಹಾಕಲು ಬಾಗಿಲಿಗೆ ಹೋದ. ರಾತ್ರಿಯೆಲ್ಲ ಪೋಣಿಸಿಟ್ಟುಕೊಂಡಿದ್ದ ಪೀಠಿಕೆಯನ್ನೆಲ್ಲ ಮರೆತು ಅವಳು ನೇರವಾಗಿ ಕೇಳಿದಳು. "ರೀ, ನೀವು ಮಲಗಿರುವಾಗ ನಾನು ಜೋರಾಗಿ ಹಾಡ್ಲಾ?"

"ಹಾಡು. ಅದನ್ನ ಯಾಕೆ ಕೇಳ್ತೀಯ?"

"ನಿಮ್ಮ ನಿದ್ದೆ?"

"ರೋಲಿಂಗ್ ಮಿಲ್ಲಲ್ಲಿ ಕೆಲಸ ಮಾಡೋನು ಕಣೇ ನಾನು. ಮಿಲ್ ಓಡ್ತಾ ಇದ್ರೆ ನಿಂತಲ್ಲೇ ಜೊಂಪು ಹತ್ತುತ್ತೆ. ಮಿಲ್ ನಿಂತ್ರೆ ಎಚ್ಚರ ಆಗುತ್ತೆ. ನಿಜ ಹೇಳ್ಬೇಕಂದ್ರೆ ಈ ಮನೇಲೇ ನಂಗೆ ಸರಿಯಾಗಿ ನಿದ್ದೆ ಹತ್ತೋದಿಲ್ಲ. ಅಷ್ಟು ಗಪ್‌ಚುಪ್."

"ಮತ್ತೆ ಈ ಅಂಗಿ ಯಾಕೆ ತೂಗಿಹಾಕ್ತಿದ್ರಿ?"

ಭೀಮೇಶ್ ಕೈಯಲ್ಲಿದ್ದ ಅಂಗಿಯನ್ನು ಈಗ ತಾನೇ ಕಂಡವನಂತೆ ನೋಡಿದ. "ಎಲ್ಲರೂ ಹಾಕ್ತಾರೆ. ನಾನೂ ಹಾಕ್ದೆ."

ರಾಜೇಶ್ವರಿಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಮದುವೆಯಾದಾಗಿನಿಂದ ಸಾಸಿವೆ ಸಿಡಿಯುವ ಸದ್ದಿಗೂ ಮುಚ್ಚಳ ಮುಚ್ಚಿ ಬಾಳಿದವಳು ಅವಳು. ಮೊದಲೇ ಹೇಳಲು ಏನಾಗಿತ್ತು ಎಂದು ಗಂಡನ ಮೇಲೆ ಹರಿಹಾಯ್ದಳು. ನೀನು ಕೇಳಲೇ ಇಲ್ಲವಲ್ಲ ಎಂದ ಅವನು, ಪಾಪ, ಸುಳ್ಳೇನೂ ಹೇಳಲಿಲ್ಲ. ಅಡುಗೆಮನೆಗೆ ಹೋಗಿ ಸಾಕಾಗುವಷ್ಟು ಅತ್ತಳು. ಹೊರಗೆ ಬರುವಷ್ಟರಲ್ಲಿ ಭೀಮೇಶ್ ಅಂಗಿಯನ್ನು ಬಕೆಟ್ಟಿನಲ್ಲಿ ನೆನೆಹಾಕಿ, ಅಕ್ಕಪಕ್ಕದವರಿಗೆ ಹೇಳಿಬರಲು ಹೋಗಿದ್ದ. ಗೋಡೆಯಾಚೆಯಿಂದ ಚಿನ್ನಮ್ಮನ ಮಾತು ಕೇಳಿಸಿತು. "ನಮ್ಮನೆಯವ್ರ ಗೊರಕೇನೇ ಸಾಲಿಗೆಲ್ಲ ಕೇಳುತ್ತೆ ತಮ್ಮಾ. ಹಾಡ್ಲಿ ಬಿಡು."

ಉಳಿದ ಮನೆಗಳವರೂ ಬೇಡವೆನ್ನಲಿಲ್ಲ. ಅವಳು ಹಾಡಿದಳು. ಎರಡು ಗಂಟೆಯ ಸೈರನ್ ಕೂಗಿದಾಗ ಮೊದಮೊದಲು ಅವಳ ಷಡ್ಜ ಹಳೆಯ ಗೆಳತಿಯನ್ನು ಕಂಡಂತೆ ಅದರ ಕಡೆಗೇ ಜಾರುತ್ತಿತ್ತು. ದಿನ ಕಳೆದಂತೆ, ಅದು ಕೂಗಿಕೊಳ್ಳುತ್ತಿರುವಾಗಲೂ ತನ್ನ ಶ್ರುತಿಯಲ್ಲೇ ನಿಲ್ಲುವುದು ಬಂತು. ಮೇಷ್ಟ್ರು ಪರೀಕ್ಷೆಗೆ ಒಪ್ಪಿದರು.

ಒಂದು ಮುಳ್ಳು ಮಾತ್ರ ಒಳಗೇ ಉಳಿಯಿತು. ಭೀಮೇಶ್ ಕೆಂಪು ಕಣ್ಣು ಮಾಡಿಕೊಂಡು ಏಳುತ್ತಿದ್ದ. ರಾತ್ರಿ ಪಾಳಿಯ ಎಲ್ಲರ ಕಣ್ಣೂ ಕೆಂಪೇ. ಆದರೂ ಈ ಮನುಷ್ಯ ನನ್ನ ಮನಸ್ಸು ನೋಯಿಸಬಾರದೆಂದು ಹಾಗೆ ಹೇಳಿದನೇ, ಎಚ್ಚರವಾಗಿದ್ದೇ ಕಣ್ಣು ಮುಚ್ಚಿ ಬಿದ್ದುಕೊಂಡಿರುತ್ತಾನೆಯೇ ಎಂಬ ಅನುಮಾನ. ಅದು ಬಂದಾಗಲೆಲ್ಲ ಮೇಲಿನ ಷಡ್ಜದ ಹತ್ತಿರ ಗಂಟಲು ಮತ್ತೆ ಹಿಂಜರಿಯುತ್ತಿತ್ತು.

ಪರೀಕ್ಷೆ ಶಿವಮೊಗ್ಗದ ಒಂದು ಶಾಲೆಯಲ್ಲಿ. ಭೀಮೇಶ್ ಪಾಳಿಯಿಂದ ಸೀದಾ ಖಾಕಿಯಲ್ಲೇ ಅವಳ ಜೊತೆ ಬಸ್ಸು ಹತ್ತಿದ. ಅವಳನ್ನು ಒಳಗೆ ಕರೆದಾಗ ಅವನು ಜಗಲಿಯ ಬೆಂಚಿನ ಮೇಲೆ ಕೂತ. ಕಿಟಕಿಯಿಂದ ಕಾಣುತ್ತಿದ್ದ.

ಕಾಂಬೋಜಿ ಶುರುಮಾಡಿದಳು. ನಿಧಾನವಾಗಿ ಏರುತ್ತಾ ಏರುತ್ತಾ ಆ ಜಾಗದ ಹತ್ತಿರ ಬಂದಳು. ಗಂಟಲು ಹಿಂಜರಿಯಿತು. ಕಿಟಕಿಯ ಕಡೆ ನೋಡಿದಳು. ಭೀಮೇಶನ ತಲೆ ಗೋಡೆಗೆ ವಾಲಿತ್ತು, ಬಾಯಿ ಸ್ವಲ್ಪ ತೆರೆದಿತ್ತು, ಚಪ್ಪಲಿಯೊಂದು ಕಾಲಿನಿಂದ ಜಾರಿ ಬಿದ್ದಿತ್ತು. ನಾಟಕವಾಡುವವರು ಯಾರೂ ಅಷ್ಟು ಕೆಟ್ಟದಾಗಿ ಮಲಗುವುದಿಲ್ಲ. ಅವಳು ತಾರಷಡ್ಜಕ್ಕೆ ಏರಿ ನಿಂತಳು. ಕಿಟಕಿಯ ಗಾಜು ಸಣ್ಣಗೆ ನಡುಗಿತು. ಅವನು ಅಲ್ಲಾಡಲಿಲ್ಲ. ತಾನ ಹಾಡಿದಳು, ಪಲ್ಲವಿ ಹಾಡಿದಳು, ಸ್ವರ ಹಾಕಿದಳು. ಅವನು ಹಾಯಾಗಿ ನಿದ್ದೆ ಹೊಡೆದ. ಇಷ್ಟು ವರ್ಷ ಗಂಟಲಲ್ಲಿ ಕಟ್ಟಿಟ್ಟಿದ್ದನ್ನೆಲ್ಲ ಹೊರಗೆ ಹಾಕಿದ ಸುಖ ಅವಳಿಗೆ.

ಪಾಸಾದ ಸುದ್ದಿ ಬಂದದ್ದು ಆಮೇಲೆ. ಅದಕ್ಕಿಂತ ಮೊದಲು, ಅಲ್ಲಿಯೇ, ಇನ್ನೊಂದು ನಡೆಯಿತು. ಹಾಡು ಮುಗಿದು, ಪರೀಕ್ಷಕರು ಕೈ ಚಾಚಿ ಶ್ರುತಿಪೆಟ್ಟಿಗೆಯನ್ನು ನಿಲ್ಲಿಸಿದರು. ಕೋಣೆ ಗಪ್‌ಚುಪ್ಪಾಯಿತು. ಆ ಕ್ಷಣವೇ ಬೆಂಚಿನ ಮೇಲೆ ಭೀಮೇಶ್ ಬೆಚ್ಚಿ ಎದ್ದು ಕೂತ. ಮಿಲ್ ನಿಂತುಹೋಯಿತೇನೋ ಎಂಬಂತೆ ಅತ್ತಿತ್ತ ನೋಡಿ, ಕಿಟಕಿಯಲ್ಲಿ ಬಗ್ಗಿ ಕೇಳಿದ.

"ಯಾಕೆ, ನಿಲ್ಲಿಸ್ಬಿಟ್ಟೆಯಾ?"

ಪರೀಕ್ಷಕರು ಕನ್ನಡಕದ ಮೇಲಿಂದ ನೋಡಿದರು. "ಯಾರಮ್ಮ ಅವರು?"

"ನಮ್ಮನೆಯವ್ರು ಸಾರ್" ಎಂದಳು ರಾಜೇಶ್ವರಿ. ಅವಳ ಕಣ್ಣು ತುಂಬಿತ್ತು, ನಗುವೂ ಬಂದಿತ್ತು. "ಇನ್ನೊಂದು ಹಾಡ್ಲಾ ಸಾರ್? ಅವರಿಗಿನ್ನೂ ನಿದ್ದೆ ಸಾಲದು."