ಮೂರೂವರೆ ಅಡಿ

ಸ್ಟ್ರೆಚರಿನ ಮುಂಭಾಗ ಮೆಟ್ಟಿಲಿನ ತಿರುವಿನಲ್ಲಿ ಸಿಕ್ಕಿಕೊಂಡಿತು. ಗೋಡೆಯಿಂದ ಸೊಂಟದೆತ್ತರಕ್ಕೆ ಚಾಚಿಕೊಂಡಿದ್ದ ಮೀಟರ್ ಪೆಟ್ಟಿಗೆಗಳು ತಿರುಗಲು ಬಿಡಲಿಲ್ಲ. ಹೊತ್ತಿದ್ದ ನಾಲ್ವರೂ ನಿಂತರು. ನಾಲ್ವರೂ ಅರವತ್ತು ದಾಟಿದ ಲೋಡರುಗಳು. ಸತ್ತವನ ಕೈಕೆಳಗೆ ವಿಮಾನಕ್ಕೆ ಪಾರ್ಸೆಲ್ ತುಂಬಿದವರು.

“ನೆಟ್ಟಗೆ ನಿಲ್ಲಿಸಿಬಿಡಿ, ಸಲೀಸಾಗಿ ತಿರುಗುತ್ತೆ,” ಎಂದ ಕೆಳಗಿನ ಮೆಟ್ಟಿಲಲ್ಲಿದ್ದ ವ್ಯಾನಿನ ಡ್ರೈವರ್. “ಎಲ್ರೂ ಹಾಗೇ ಮಾಡೋದು. ಹನ್ನೆರಡಕ್ಕೆ ಚಿತಾಗಾರದಲ್ಲಿರ್ಬೇಕು ನಾವು.”

“ಬೇಡಪ್ಪ,” ಎಂದಳು ಹಿಂದೆ ಬರುತ್ತಿದ್ದ ಸತ್ತವನ ಹೆಂಡತಿ. “ಸಾಮಾನಿನ ಥರ ನಿಲ್ಲಿಸ್ಬೇಡಿ. ಮಲಗಿದ ಹಾಗೇ ಹೋಗ್ಲಿ. ಇದೊಂದು ನಡೆಸಿಕೊಡಿ.”

ಲೋಡರುಗಳ ಮೇಸ್ತ್ರಿ ಬಗ್ಗಿ ನೋಡಿದ. “ಪೆಟ್ಟಿಗೆ ಕೆಳಗೆ ಜಾಗ ಇದೆ ಅತ್ತಿಗೆ. ಆದ್ರೆ ಮಂಡಿ ಊರ್ಬೇಕು.”

ನಾಲ್ವರೂ ತಂತಮ್ಮ ಮಂಡಿ ನೋಡಿಕೊಂಡರು.

“ಟೇಪಣ್ಣ ಇದ್ದಿದ್ರೆ ಎಷ್ಟಡಿ ಅಂತ ಹೇಳಿರೋರು,” ಎಂದ ಹಿಂಭಾಗ ಹೊತ್ತಿದ್ದ ಕುಳ್ಳ.

“ಇಲ್ಲೇ ಇದಾರಲ್ಲ, ಕೇಳು,” ಎಂದ ಮೇಸ್ತ್ರಿ ಸ್ಟ್ರೆಚರಿನ ಕಡೆ ನೋಡಿ.

ಹೆಂಡತಿಯ ತುಟಿಯೂ ಒಂದಿಷ್ಟು ಸಡಿಲವಾಯಿತು.

*

ಹದಿನೆಂಟು ವರ್ಷದ ಹಿಂದೆ ವಿಮಾನ ನಿಲ್ದಾಣದ ಪಾರ್ಸೆಲ್ ಶೆಡ್ಡಿನ ಮುಂದೆ ಎರಡು ವಿಮಾನ ತಂದು ನಿಲ್ಲಿಸಿದ್ದರು. ಇಂದು ಕೊಟ್ಟದ್ದನ್ನು ನಾಳೆಯೇ ಮುಟ್ಟಿಸುವ ಕಂಪನಿ ಅವುಗಳಲ್ಲಿ ಒಂದು ಮಾದರಿಯನ್ನು ಆರಿಸಬೇಕಿತ್ತು. ಎರಡೂ ಸಣ್ಣ ಮೈಯವು. ಜನರನ್ನು ಹೊತ್ತು ಹಳತಾದವು. ಸೀಟು ಕಿತ್ತು ಸಾಮಾನಿಗೆ ಅಣಿ ಮಾಡಬೇಕಾದವು. ವ್ಯತ್ಯಾಸವಿದ್ದದ್ದು ಹೊಟ್ಟೆಯಲ್ಲಿ. ಉದ್ದನೆಯದರ ಹೊಟ್ಟೆಯೊಳಕ್ಕೆ, ಪಾರ್ಸೆಲ್ ತುಂಬಿದ ದೊಡ್ಡ ಡಬ್ಬಿಗಳೇ ಉರುಳೆಗಳ ಮೇಲೆ ಜಾರಿಕೊಂಡು ಹೋಗುತ್ತಿದ್ದವು. ಗಿಡ್ಡದರ ಹೊಟ್ಟೆಗೆ ಆಳೇ ತೆವಳಿ, ಕಣಜಕ್ಕಿಳಿದವನ ಹಾಗೆ ಒಂದೊಂದೇ ಪಾರ್ಸೆಲ್ ಜೋಡಿಸಬೇಕಿತ್ತು.

ಶೆಡ್ಡಿನ ಮುಖ್ಯಸ್ಥನಾಗಿದ್ದ ಟೇಪಣ್ಣ ಅಳತೆಪಟ್ಟಿ ಹಿಡಿದು ಗಿಡ್ಡದರ ಹೊಟ್ಟೆಯೊಳಗೆ ಹೋದ. ಹಿಂದೆಯೇ ಮೇಸ್ತ್ರಿ.

“ಎಷ್ಟಣ್ಣ?”

“ಮೂರೂವರೆ ಅಡಿ.”

“ನಮ್ಮನೆ ಮಂಚದ ಕೆಳಗೆ ಇದಕ್ಕಿಂತ ಆರಾಮಾಗಿ ಕೂರ್ಬೋದು.”

“ಉದ್ದಂದೇ ಬರೀತೀನಿ ಬಿಡು,” ಎಂದ ಟೇಪಣ್ಣ. ಶಿಫಾರಸಿನ ಹಾಳೆಯಲ್ಲಿ ಹಾಗೆಯೇ ಬರೆದ.

ಮೀಟಿಂಗಿನಲ್ಲಿ ಮ್ಯಾನೇಜರ್ ಆ ಹಾಳೆಯನ್ನು ಅವನ ಮುಂದಕ್ಕೇ ತಳ್ಳಿದರು. ಉದ್ದನೆಯದರ ಸೀಟು ಕೀಳಿಸಲು ಎರಡು ವರ್ಷದ ಸರದಿ. ಗಿಡ್ಡದು ಆರು ವಾರದಲ್ಲಿ ಕೈಗೆ ಬರುತ್ತದೆ. ವಿಮಾನವಿಲ್ಲದಿದ್ದರೆ ಎರಡು ತಿಂಗಳಲ್ಲಿ ಕೆಲಸ ಬೇರೆಯವರ ಪಾಲು.

“ನಿಮ್ಮ ನೂರಾ ನಲವತ್ತು ಜನಾನ ಎರಡು ವರ್ಷ ಎಲ್ಲಿಡ್ತೀರಿ, ಹೇಳಿ.”

ಟೇಪಣ್ಣ ತಾನು ಬರೆದದ್ದರ ಮೇಲೆ ಗೆರೆ ಎಳೆದ. ಆಮೇಲೆ ಗಿಡ್ಡದರ ಮುಂದೆ ಸಹಿ ಹಾಕಿದ.

“ಎರಡು ವರ್ಷ ಕಣ್ರೋ. ಆಮೇಲೆ ಉದ್ದಂದು ಬರುತ್ತೆ,” ಎಂದ ಶೆಡ್ಡಿಗೆ ಬಂದು. ಯಾರೂ ಬೈಯಲಿಲ್ಲ. ಮರುದಿನ ಮೇಸ್ತ್ರಿ ಮಂಡಿಗೆ ಕಟ್ಟಿಕೊಳ್ಳಲು ಗೋಣಿಚೀಲ ಹರಿದು ಹಂಚಿದ.

ಉದ್ದನೆಯದು ಬರಲೇ ಇಲ್ಲ. ಬರಬರುತ್ತಾ ಟೇಪಣ್ಣ ಅವರೊಂದಿಗೆ ಮಾತಾಡುವಾಗ ಮುಖ ಬಿಟ್ಟು ಕೆಳಗೆ, ಅವರ ಮಂಡಿಗಳ ಕಡೆಗೆ, ನೋಡುವುದನ್ನೇ ನಿಲ್ಲಿಸಿದ.

*

“ಮಂಡಿ ಊರ್ರೋ,” ಎಂದ ಮೇಸ್ತ್ರಿ.

ಗೋಡೆ ಹಿಡಿದು, ಕಂಬಿ ಹಿಡಿದು, ಒಬ್ಬೊಬ್ಬರಾಗಿ ನಾಲ್ವರೂ ಮಂಡಿಯೂರಿದರು. ಊರಿದ ಮೇಲೆ ಕೈಗಳು ತಾವೇ ಕೆಲಸ ಹಿಡಿದವು. ಯಾರೂ ಯಾರಿಗೂ ಹೇಳಬೇಕಾಗಲಿಲ್ಲ. ಟೇಪಣ್ಣ ಒಂದು ಕೈಯಿಂದ ಇನ್ನೊಂದಕ್ಕೆ, ಮೈ ಮೇಲಿನ ಹೊದಿಕೆಯೂ ಸರಿಯದಂತೆ, ಪೆಟ್ಟಿಗೆಗಳ ಕೆಳಗೆ ಜಾರಿ ತಿರುಗಿದ. ಆಚೆಗೆ ಡ್ರೈವರೂ ಸಹಾಯಕ್ಕೆ ಬಂದ ಕೆಳಮನೆಯ ಮೂವರೂ ಹಿಡಿದುಕೊಂಡು ಇಳಿದರು.

ಹೆಂಡತಿ ಸೆರಗಿನಿಂದ ಮುಖ ಒರೆಸಿಕೊಂಡಳು. “ಬನ್ನಿ, ವ್ಯಾನಲ್ಲಿ ಜಾಗ ಇದೆ.”

ಮೇಸ್ತ್ರಿ ಕಂಬಿ ಹಿಡಿದು ಮೇಲೇಳಲು ನೋಡಿದ. ಇನ್ನೊಮ್ಮೆ ನೋಡಿದ. “ನೀವು ನಡೀರಿ ಅತ್ತಿಗೆ. ಬರ್ತೀವಿ.”

“ಹೀಗೆ ಹೇಗೆ ಬರ್ತೀರಿ?” ಎಂದು ಅವಳು ಹತ್ತಿರವಿದ್ದ ಕುಳ್ಳನ ತೋಳಿಗೆ ಕೈ ಹಾಕಿ ಎತ್ತಿದಳು. ಅವನು ಗೇಣುದ್ದ ಎದ್ದು, ಉಸಿರು ಬಿಗಿಹಿಡಿದು, ಮತ್ತೆ ಕುಸಿದ. “ಒಂದು ಗಳಿಗೆ ಇರಿ. ಮಂಡಿ ಹಿಡ್ಕೊಂಡುಬಿಟ್ಟಿದೆ, ತಾನೇ ಬಿಡುತ್ತೆ,” ಎಂದ.

ಕೆಳಗಿನಿಂದ “ಹೊತ್ತಾಯ್ತು, ಬನ್ನಿ” ಎಂಬ ಕೂಗು ಬಂತು. ಅವಳು ಅವನ ತೋಳು ಬಿಡದೆಯೇ ಕಂಬಿಗಳ ನಡುವಿನಿಂದ ಬಗ್ಗಿ ನೋಡಿದಳು. ಡ್ರೈವರ್ ಟೇಪಣ್ಣನನ್ನು ಒಳಗಿಟ್ಟು ವ್ಯಾನಿನ ಹಿಂಬಾಗಿಲು ಮುಚ್ಚುತ್ತಿದ್ದ.