ಸುಲ್ತಾನಸಾಬರ ಅಂಗಡಿಗೆ ಬಂದ ಕೌಂಟರ್

ಏನೂ ಬೇಕಾಗಿಲ್ಲದಿದ್ದರೂ ಅಂಗಡಿಗೆ ಹೋಗುವುದು ನನ್ನ ಚಟ. ಅದಕ್ಕೆ ಯಾರ ಅಪ್ಪಣೆಯೂ ನನಗೆ ಬೇಕಿಲ್ಲ. ದಿನವಿಡೀ ಕಚೇರಿಯಲ್ಲಿ ಕಂಡವರ ಅರ್ಜಿಗೆ ಸೀಲು ಒತ್ತಿ ಕೈ ಸೋತ ಮೇಲೆ, ಸುರಪುರದ ಬಜಾರಿನಲ್ಲಿರುವ ಸುಲ್ತಾನಸಾಬರ ಅಂಗಡಿ ಹೊಕ್ಕರೇನೇ ನನ್ನ ತಲೆ ತಣ್ಣಗಾಗುವುದು.

ಅಲ್ಲಿ ಏನು ಮಾರುತ್ತಾರೆ ಎಂದು ಕೇಳಿದರೆ ಹೇಳುವುದು ಕಷ್ಟ. ಕುರಿಯ ಕೊರಳಿಗೆ ಕಟ್ಟುವ ಗಂಟೆಗಳ ಪಕ್ಕದಲ್ಲಿ ಅತ್ತರಿನ ಶೀಶೆಗಳು, ಅದರಾಚೆ ಬೀಗದಕೈ ಕಳೆದುಕೊಂಡ ಬೀಗಗಳ ಬುಟ್ಟಿ, ಅದರ ಹಿಂದೆ ಯಾರ ಮೂಗಿನ ಮೇಲೆ ಕೂತು ಬಂದವೋ ಗೊತ್ತಿಲ್ಲದ ಹಳೆ ಕನ್ನಡಕಗಳು. ಗೋಡೆಯ ಗಡಿಯಾರಗಳಲ್ಲಿ ಒಂದು ತೋರಿಸಿದ ಹೊತ್ತನ್ನು ಇನ್ನೊಂದು ತೋರಿಸುವುದಿಲ್ಲ. ಮನೆಗೆ ಹೋಗಲು ಇನ್ನೂ ಹೊತ್ತಿದೆ ಎನ್ನುವ ಗಡಿಯಾರವನ್ನೇ ನಾನು ನಂಬುತ್ತೇನೆ.

ಸುಲ್ತಾನಸಾಬರು ಬದುಕಿರುವ ತನಕ ಗಿರಾಕಿಗಾಗಿ ಗಾದಿ ಬಿಟ್ಟು ಎದ್ದವರಲ್ಲ. ನಾವೇ ಒಳಗೆ ಹೋಗಿ, ಮುಟ್ಟಿ, ಬಾರಿಸಿ, ಮೂಸಿ ಆರಿಸಬೇಕು. "ನಾ ತಗದ ಕೊಟ್ರ ಅದು ನನ್ನ ಪಸಂದ ಆಗ್ತದ. ನಿನ್ನ ಪಸಂದ ನೀನ ಹುಡುಕ್ಕೋ" ಎನ್ನುತ್ತಿದ್ದರು. ಇದು ದೊಡ್ಡ ಮಾತೋ ಬರೀ ಮೈಗಳ್ಳತನವೋ, ನಾನು ವಿಚಾರಿಸಲು ಹೋಗಲಿಲ್ಲ.

ಅವರು ತೀರಿಕೊಂಡ ಮೇಲೆ ಮೊಮ್ಮಗ ಮುಜಫರ ಅಂಗಡಿ ನೋಡಿಕೊಳ್ಳುತ್ತಿದ್ದಾನೆ. ಒಳ್ಳೆಯವನು. ತಲೆ ಕೆಡಿಸುವ ಕೆಲಸಗಳನ್ನು ಮಾಡುವವರು ಹೆಚ್ಚಾಗಿ ಒಳ್ಳೆಯವರೇ.

ಮೊನ್ನೆ ಅವ್ವನಿಗೆ ಒಂದು ತಂಬಿಗೆ ಬೇಕಾಗಿತ್ತು. ನನ್ನವ್ವ ತಿಮ್ಮವ್ವ, ಕಕ್ಕೇರಾದ ಹೊಲಗಳಲ್ಲಿ ಕೂಲಿ ಮಾಡಿ ನನ್ನನ್ನು ಓದಿಸಿದವಳು. ಈಗ ಮೊಣಕಾಲು ಕೈಕೊಟ್ಟಿದೆ, ನನ್ನ ಜೊತೆಗೇ ಇದ್ದಾಳೆ. ಸುಲ್ತಾನಸಾಬರ ಅಂಗಡಿ ಎಂದ ಕೂಡಲೇ ನೋವು ಮರೆತು, ನನಗಿಂತ ಮುಂಚೆ ಚಪ್ಪಲಿ ಮೆಟ್ಟಿದಳು.

ಹೋಗಿ ನೋಡಿದರೆ ಬಾಗಿಲಿಗೆ ಅಡ್ಡಲಾಗಿ, ಈ ಗೋಡೆಯಿಂದ ಆ ಗೋಡೆಗೆ ಹೊಸ ಕೌಂಟರ್. ಮೇಲೊಂದು ಬೋರ್ಡು: 'ಸಾಮಾನು ಮುಟ್ಟಬಾರದು. ಕೇಳಿ ಪಡೆಯಿರಿ.' ಬೋನಾಳದ ಕುರಿಗಾರ ಹೆಂಗಸು ಮಾಳಮ್ಮ ಆಗಲೇ ಅಲ್ಲಿ ನಿಂತು ಜಗಳ ತೆಗೆದಿದ್ದಳು. "ಬಾರ್ಸಿ ನೋಡದ ಗಂಟಿ ಹೆಂಗ ತೊಗೊಳ್ಲೋ ಯಪ್ಪಾ? ನನ್ನ ಟಗರು ನಿನ್ನ ಕಿವಿಲೆ ಕೇಳ್ತದೇನು?"

"ದಾರಿ ಬಿಡು ಮುಜಫರ" ಎಂದೆ.

"ಈಗ ಯಾರ್ನೂ ಒಳಗ ಬಿಡಾಂಗಿಲ್ರಿ ಅಕ್ಕಾರ. ಗಾಜು ಒಡಿತಾರ, ಸಣ್ಣ ಸಾಮಾನು ಮಾಯ ಆಗ್ತಾವ. ಏನ್ ಬೇಕು ಹೇಳ್ರಿ, ನಾ ತಗದ ಕೊಡ್ತೀನಿ."

"ಏನ್ ಬೇಕಂತ ನೋಡಿದ ಮ್ಯಾಲ ಗೊತ್ತಾಗ್ತದ" ಎಂದು ಬಾಯಿ ಮಾಡುವವಳಿದ್ದೆ. ಅಷ್ಟರಲ್ಲಿ ಅವ್ವ ಒಂದು ಹೆಜ್ಜೆ ಹಿಂದೆ ಸರಿದಳು. ಕೌಂಟರಿಗೆ ಮೈ ತಾಗದಷ್ಟು ದೂರ ನಿಂತು, ಸೆರಗಿನ ತುದಿಯನ್ನು ಎರಡೂ ಕೈಯಲ್ಲಿ ಹಿಡಿದು ಮುಂದೆ ಒಡ್ಡಿದಳು.

"ಒಂದು ತಂಬಗಿ ನೀಡ್ರಿ ಯಪ್ಪಾ" ಎಂದಳು. ಆ ದನಿ ನಾನು ಮನೆಯಲ್ಲಿ ಎಂದೂ ಕೇಳಿದ್ದಲ್ಲ.

ಅವ್ವನ ಹರೆಯದಲ್ಲಿ ನಮ್ಮ ಕೇರಿಯವರು ಅಂಗಡಿಗಳ ಮುಂದೆ ಹೀಗೇ ನಿಲ್ಲಬೇಕಿತ್ತು. ದುಡ್ಡು ಕಟ್ಟೆಯ ಮೇಲಿಟ್ಟರೆ ಅದಕ್ಕೆ ನೀರು ಚಿಮುಕಿಸಿ ತೆಗೆದುಕೊಳ್ಳುತ್ತಿದ್ದರು. ಸಾಮಾನನ್ನು ಮೇಲಿನಿಂದ ಸೆರಗಿಗೆ ಎಸೆಯುತ್ತಿದ್ದರು. ಈ ಅಂಗಡಿಗೆ ಮೊದಲ ಸಲ ಬಂದಾಗಲೂ ಅವ್ವ ಹೀಗೇ ಸೆರಗು ಒಡ್ಡಿದ್ದಳಂತೆ. ಸುಲ್ತಾನಸಾಬರು ಗಾದಿಯಿಂದಲೇ, "ಅದೇನದು ತಂಗಿ? ಒಳಗ ಬಾ, ಬೇಕಾದ್ದು ತೊಗೋ" ಅಂದರಂತೆ. ಅವತ್ತು ಅವ್ವ ಅಂಗಡಿಯ ಒಂದೊಂದು ಪಾತ್ರೆಯನ್ನೂ ಮುಟ್ಟಿಯೇ ಹೊರಗೆ ಬಂದಳು. ನನ್ನ ಚಟ ನನಗೆ ಅವಳಿಂದಲೇ ಬಂದದ್ದು. ನಾವು ಬುದ್ಧನ ದಾರಿಗೆ ಬಂದು ಎಷ್ಟೋ ವರ್ಷವಾಯಿತು, ಅವ್ವ ಯಾರ ಮುಂದೆಯೂ ತಲೆ ತಗ್ಗಿಸುವುದಿಲ್ಲ. ಆದರೂ ಹಲಗೆಯೊಂದು ಅಡ್ಡ ಬಂದದ್ದೇ ತಡ, ಅವಳ ಕೈ ಅವಳನ್ನು ಕೇಳದೆ ಸೆರಗು ಹಿಡಿದಿತ್ತು.

ಮುಜಫರನಿಗೆ ಇದಾವುದೂ ಗೊತ್ತಿಲ್ಲ. ಮುದುಕಿ ಸೆರಗು ಹಿಡಿದಳಲ್ಲ ಎಂದು, ಥಳಥಳ ಹೊಳೆಯುವ ಹಿತ್ತಾಳೆಯ ತಂಬಿಗೆಯೊಂದನ್ನು ತಂದು, ಕೌಂಟರಿನ ಮೇಲೆ ಬಾಗಿ, ಬಹಳ ಮರ್ಯಾದೆಯಿಂದ ಅವಳ ಸೆರಗಿನೊಳಗೆ ಇಳಿಬಿಟ್ಟ.

"ಏನ್ ಮಾಡಿದಿ ಗೊತ್ತದೇನೋ ನಿನಗ?" ನಾನು ಚೀರಿದೆ. ಚೀರುತ್ತಲೇ ಎಲ್ಲವನ್ನೂ ಹೇಳಿದೆ. ಬಜಾರಿನಲ್ಲಿ ಹೋಗುವವರು ನಿಂತು ನೋಡಿದರು, ನೋಡಲಿ ಎಂದು ಇನ್ನಷ್ಟು ಜೋರಾಗಿ ಹೇಳಿದೆ.

ಅವನ ಮುಖ ಬಾಡಿತು. "ಖುದಾ ಕಸಮ್, ನಾ ಹಂಗ ಅಂತ ಮಾಡಿಲ್ರಿ. ಎಲ್ಲಾರಿಗೂ ಒಂದ ಕಾನೂನು. ಎಂಥಾ ಸಾವಕಾರ ಬಂದ್ರೂ ಹೊರಗ ನಿಲ್ಲಬೇಕು."

"ಎಲ್ಲಾರೂ ಇವತ್ತ ನಿಂತ್ರ, ನಮ್ಮವ್ವ ಅವತ್ತ ನಿಂತದ್ದು ಅಳಿಸಿ ಹೋಗ್ತದೇನು?"

ಅವ್ವ ನಮ್ಮಿಬ್ಬರನ್ನೂ ನೋಡುತ್ತಿರಲಿಲ್ಲ. ಸೆರಗಿನೊಳಗಿನ ತಂಬಿಗೆಯನ್ನು ಸುಮಾರು ಹೊತ್ತು ನೋಡಿದಳು. ಆಮೇಲೆ ತೆಗೆದು ಕೌಂಟರಿನ ಮೇಲೆ ಇಟ್ಟಳು.

"ಇದನ್ನ ಆರಿಸಿದವ್ರು ಯಾರು?"

"ನಾನ ಯಮ್ಮಾ. ಎಲ್ಲಾದರಾಗ ಚಲೋದು ನೋಡಿ ಕೊಟ್ಟೀನ್ರಿ."

"ಚಲೋ ಅದ. ನೀನ ಇಟ್ಕೋ."

ಹಾಗೆಂದವಳೇ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕೌಂಟರಿನ ಅಂಚು ಹಿಡಿದು ಬಗ್ಗಿದಳು. ಒಂದು ಮೂಲೆಯಲ್ಲಿ ಓಡಾಡಲೆಂದು ಎತ್ತುವ ಹಲಗೆ ಇತ್ತು. ಅದರ ಕೆಳಗೆ ತಲೆ ತೂರಿಸಿದಳು.

"ಬಿದ್ದೀರಿ ಯಮ್ಮಾ, ಬ್ಯಾಡ್ರಿ!" ಮುಜಫರ ಹೌಹಾರಿದ.

"ಬಿದ್ರ ಬೀಳ್ತೀನಿ. ಒಳಗ ಬೀಳ್ತೀನಿ."

ಮೊಣಕಾಲು ಲಟಕ್ಕೆಂದದ್ದು ನನಗೂ ಕೇಳಿಸಿತು. ನಾನು ಕೈ ಕೊಡಲು ಹೋದರೆ ಕೊಡವಿಬಿಟ್ಟಳು. ಅವಳು ಆಚೆ ಎದ್ದು ನಿಂತದ್ದೇ, ಮಾಳಮ್ಮ ಕಂಬಳಿ ಹೆಗಲಿಗೆಸೆದು ಅದೇ ದಾರಿಯಲ್ಲಿ ನುಗ್ಗಿದಳು. ನಾನು ಸುಮ್ಮನಿರುತ್ತೇನೆಯೇ? ಇಸ್ತ್ರಿ ಮಾಡಿದ ಸೀರೆ ಹಾಳಾದರೆ ಹಾಳಾಗಲಿ ಎಂದು ನಾನೂ ತೂರಿದೆ.

ಅಂಥ ಸಂಜೆಯನ್ನು ನಾನು ಆ ಅಂಗಡಿಯಲ್ಲಿ ಕಂಡದ್ದಿಲ್ಲ. ಮಾಳಮ್ಮ ಗಂಟೆಗಳನ್ನು ಒಂದಾದ ಮೇಲೊಂದು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ಅವ್ವ ಕನ್ನಡಕಗಳನ್ನೆಲ್ಲ ಹಾಕಿ ನೋಡಿ, ಒಂದರಲ್ಲಿ ನಾನು ಬಹಳ ದಪ್ಪ ಕಾಣುತ್ತೇನೆಂದು ನಕ್ಕಳು. ಅತ್ತರು ಮೂಸಿ ಮೂಗು ಮುರಿದಳು. ತಂಬಿಗೆಗಳ ರಾಶಿಯ ಮುಂದೆ ಕಾಲು ಚಾಚಿ ಕೂತು, ಎಲ್ಲವನ್ನೂ ಬೆರಳಿನಿಂದ ಬಾರಿಸಿದಳು. ಅವಳ ಕೈ ಮತ್ತೆ ಅವಳದೇ ಆಗಿತ್ತು. ನನಗೆ ಕಣ್ಣು ತುಂಬಿ ಬಂತು. ಗಡಿಯಾರ ನೋಡುವ ನೆಪದಲ್ಲಿ ಗೋಡೆಯ ಕಡೆಗೆ ತಿರುಗಿಕೊಂಡೆ.

ಹೊರಡುವಾಗ ಮುಜಫರ ತಾನೇ ಬಂದು ಹಲಗೆ ಎತ್ತಿ ಹಿಡಿದ. "ಯಾವುದು ಕಟ್ಟಲ್ರಿ ಯಮ್ಮಾ?"

"ಯಾವುದೂ ಬ್ಯಾಡ."

"ಮತ್ತ ಇಷ್ಟೊತ್ತನಕ..."

"ನೋಡಿದೆ" ಎಂದಳು ಅವ್ವ, ನೆಟ್ಟಗೆ ನಡೆದು ಹೊರಗೆ ಬಂದು. "ನಾಳಿ ಮತ್ತ ಬರ್ತೀನಿ. ನಾಳಿನೂ ಏನೂ ತೊಗೊಳ್ಳಾಂಗಿಲ್ಲ. ಅಷ್ಟ್ರಾಗ ಇದನ್ನ ಕಿತ್ತಿ ತಗಸ್ತೀಯೋ, ದಿನಾ ನಾ ಬಗ್ಗಿ ಬರೂದು ನೋಡ್ಕೊಂತ ಕೂಡ್ತೀಯೋ, ವಿಚಾರ ಮಾಡು."