ಮದುವೆ ಕುಣಿತದ ಮೂರನೆಯ ತಿರುವು

ಮೀಸೆಗೆ ಕೆನೆಗಂಜಿ ಅಂಟಿದೆ, ಒರೆಸಿಕೊಳ್ಳಲೂ ಪುರುಸೊತ್ತಿಲ್ಲ ಮಹಾಶಯರಿಗೆ, ಪೆನ್ಸಿಲ್ ಚೂಪು ಮಾಡುತ್ತ ಕೂತಿದ್ದಾರೆ, ಮಾಡಲಿ, ಬಿರ್ಗಿಟ್ ಪಿಟೀಲಿನ ಮೇಲ್ತಂತಿಗಳ ಅಡಿಯಲ್ಲಿ ತಾವಾಗಿಯೇ ಮಿಡಿಯುವ ಕೆಳತಂತಿಗಳನ್ನು ಬೇಕೆಂದೇ ನಿಧಾನವಾಗಿ ಶ್ರುತಿಗೆ ತರುತ್ತಾಳೆ — ಇವರೇ ಕ್ರೋಗ್ನೆಸ್, ರಾಜಧಾನಿ ಕ್ರಿಸ್ಟಿಯಾನಿಯಾದ ಸಂಗೀತ ರಚನಕಾರರು, ನಾರ್ವೆಯ ಆತ್ಮವಂತೆ, ಪತ್ರಿಕೆಯವರು ಬರೆದಿದ್ದರು, ಆತ್ಮಕ್ಕೆ ಕುಣಿಯಲು ಬರುವುದಿಲ್ಲ ಎನ್ನುವುದನ್ನು ಮಾತ್ರ ಬರೆಯಲಿಲ್ಲ. ಜಲಪಾತದ ಭೂತ ಕೂಡ ಕುರಿಯ ತೊಡೆ ಇಸಕೊಂಡೇ ರಾಗ ಕಲಿಸುತ್ತಿತ್ತು ಎಂದು ಅಜ್ಜಿ ಕತೆ ಹೇಳುತ್ತಿದ್ದಳು, ಈ ಪುಣ್ಯಾತ್ಮರು ಎರಡು ಚಳಿಗಾಲದ ಹಿಂದೆ ಒಂದು ಡಬ್ಬಿ ಹೊಗೆಸೊಪ್ಪಿಗೆ ಅಪ್ಪನ ಕುಣಿತದ ರಾಗವನ್ನೇ ಬರೆದುಕೊಂಡು ಹೋದರು, ಆಮೇಲೆ ರಾಜಧಾನಿಯ ಸಭಾಂಗಣ, ಪಿಯಾನೋ, ಹಿಂದಿನ ಸಾಲಿನಲ್ಲಿ ಬೆವರುತ್ತ ಅವಳು, ಅವಳ ಕಣಿವೆಯ ಮೂರು ಹೆಜ್ಜೆ, ಮೊದಲನೆಯದು ಉದ್ದ, ಎರಡನೆಯದು ಅದಕ್ಕಿಂತ ಕಮ್ಮಿ, ಮೂರನೆಯದು ಸುಮ್ಮನೆ ಜಾರುವಂಥದ್ದು, ಅದನ್ನಿವರು ಬ್ರೆಡ್ಡು ಕೊಯ್ದಂತೆ ಮೂರು ಸಮ ತುಂಡು ಮಾಡಿ ಬಡಿಸುತ್ತಿದ್ದಾರೆ, ಜನ ಎದ್ದು ನಿಂತು ಚಪ್ಪಾಳೆ. ರೀ ಸ್ವಾಮಿ, ಹೆಜ್ಜೆ ತಪ್ಪಿದೆಯಲ್ಲ? ನಿಮ್ಮಪ್ಪನ ತಾಳ ಕುಂಟ್ತಾ ಇತ್ತಮ್ಮ, ನಾನು ನೆಟ್ಟಗೆ ಮಾಡಿದೆ. ನೆಟ್ಟಗೆ! ಕೋಲು ನುಂಗಿದ ಕೋಳಿಯ ಹಾಗೆ!

ಈಗ ಮದುವೆ ಕುಣಿತ ಬೇಕಂತೆ, ಅಪ್ಪ ಯಾರಿಗೂ ಕೊಡದೆ ಇಟ್ಟುಕೊಂಡಿದ್ದು, ಪಾರ್ಶ್ವವಾಯು ಬಡಿದು ಎಡಗೈ ಸತ್ತ ಮೇಲೆ ಬರುವುದು ಅವಳೊಬ್ಬಳಿಗೇ. ಬೆಳಿಗ್ಗೆ ಮಂಚದಿಂದ ಅಪ್ಪ ಅಂದದ್ದು, ಕೊಟ್ಬಿಡು ಮಗಾ, ಹುಡುಗರೆಲ್ಲ ಅಕಾರ್ಡಿಯನ್ ಹಿಂದೆ ಬಿದ್ದವ್ರೆ, ನಿನ್ನ ನಂತ್ರ ಯಾರು, ಕಾಗದದ ಮೇಲಾದ್ರೂ ಬದುಕ್ಲಿ. ಆ ಸಾಹೇಬರ ಕಾಗದದ ಮೇಲಾ ಅಪ್ಪಾ? ಹೂಂ ಮಗಾ, ಅದರ ಮೇಲೇ. ಸರಿ, ಕಮಾನು ತಂತಿಯ ಮೇಲಿಳಿಯಿತು, ರಾಗದ ಮೊದಲ ತಿರುವು, ಎರಡನೆಯ ತಿರುವು, ಸಾಹೇಬರ ಹೊಳೆಯುವ ಬೂಟು ನೆಲಕ್ಕೆ ಟಪ್ ಟಪ್ ಟಪ್, ಮೂರೂ ಸಮ, ಆಹಾ ಎಂಥ ಒರಟು ಚೆಲುವು, ವಾದ್ಯವೃಂದಕ್ಕೆ ಹಾಕಿದ್ರೆ ಬರ್ಲಿನ್ನೇ ಕಾಲಿಗೆ ಬೀಳತ್ತೆ ನೋಡು — ಅವಳು ಕಮಾನು ಎತ್ತಿಬಿಟ್ಟಳು. ಅಷ್ಟೇನಾ? ಅಷ್ಟೇ ಸ್ವಾಮಿ. ಮೂರನೆಯದು, ಮದುಮಗಳು ತವರಿನ ಹೊಸ್ತಿಲು ದಾಟುವಾಗಿನದು, ತಂತಿಯಲ್ಲೇ ಉಳಿಯಿತು, ಅವರು ಕೊನೆಯ ಗೆರೆ ಎಳೆದು ಕಾಗದಕ್ಕೆ ಉಫ್ ಎಂದು ಊದುತ್ತಾರೆ, ಊದಿಕೋ, ಹೊಟ್ಟನ್ನು ಊದಿಕೋ, ಗೆದ್ದೆ, ಗೆದ್ದೆ ಎಂದು ತಿರುಗಿದರೆ — ಮಂಚದ ಮೇಲೆ, ಕಂಬಳಿಯ ಮೇಲೆ, ಅಪ್ಪನ ಬಲಗೈಯ ಒಂದು ಬೆರಳು, ಉದ್ದ, ಅದಕ್ಕಿಂತ ಕಮ್ಮಿ, ಜಾರು, ಉದ್ದ, ಅದಕ್ಕಿಂತ ಕಮ್ಮಿ, ಅವಳು ನುಡಿಸದ ತಿರುವಿಗೆ ತಾಳ ಹಾಕುತ್ತಿದೆ, ಅಪ್ಪನ ಕಣ್ಣು ಇವಳ ಮೇಲೆ, ಬೆರಳು ಮೇಲೆದ್ದಿತು, ನಿಂತಿತು, ಸಾಹೇಬರು ಟೋಪಿ ಹುಡುಕುತ್ತಿದ್ದಾರೆ, ಬೆರಳು ಇಳಿಯುತ್ತಿಲ್ಲ, ಬೆರಳು ಅವಳ ಕಮಾನಿಗೆ ಕಾಯುತ್ತಿದೆ